45 ನಿಮಿಷದ ಎಚ್‌ಪಿಎಲ್‌ಸಿ ರನ್ ಇಳಿಸಲು ಹೋಗಿ ಎರಡು ಪೀಕ್ ಅಂಟಿಕೊಂಡವು

ಹೆಬ್ಬಾಳದವನು: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಲ್ಯಾಬು. ಎಚ್‌ಪಿಎಲ್‌ಸಿ ಅಂದರೆ ಮಿಶ್ರಣವನ್ನು ದ್ರವದ ಜೊತೆ ಕಾಲಂ ಎಂಬ ಕೊಳವೆಯಲ್ಲಿ ಹಾಯಿಸಿ ಬಿಡಿಸುವ ಯಂತ್ರ. ಅದರಲ್ಲಿ ಒಂದು ರನ್‌ಗೆ 45 ನಿಮಿಷ, 24 ಇಂಜೆಕ್ಷನ್‌ಗೆ (ಒಂದು ಸಲ ಸ್ಯಾಂಪಲ್ ಹಾಕಿದರೆ ಒಂದು) 18 ಗಂಟೆ. ಯುಪಿಎಸ್ ಬ್ಯಾಟರಿ ಹಳೆಯದು, ರಾತ್ರಿ ಕರೆಂಟ್ ಹೋದರೆ ಬೆಳಿಗ್ಗೆ ಮತ್ತೆ ಮೊದಲಿಂದ. ಅದಕ್ಕೆ 250×4.6 ಮಿಮೀ, 5 ಮೈಕ್ರಾನ್ ಕಣ ತುಂಬಿದ ಸಿ18 ಕಾಲಂ ತೆಗೆದು ಅದೇ ಕಂಪನಿಯ 150×4.6, 3 ಮೈಕ್ರಾನ್ ಹಾಕಿದೆ. ಫ್ಲೋ ನಿಮಿಷಕ್ಕೆ 1 ಮಿಲಿಯಲ್ಲೇ ಬಿಟ್ಟು, 30 ನಿಮಿಷದ ಗ್ರೇಡಿಯೆಂಟನ್ನು (ದ್ರವದಲ್ಲಿ ಅಸಿಟೋನೈಟ್ರೈಲ್ ಎಂಬ ದ್ರಾವಕದ ಪಾಲು ಏರಿಸುತ್ತ ಹೋಗುವುದು) 10ಕ್ಕೆ ಇಳಿಸಿದೆ. ಮೊದಲು 14.2 ಮತ್ತು 14.9 ನಿಮಿಷಕ್ಕೆ ಬೇರೆಬೇರೆ ಬರುತ್ತಿದ್ದ ಪೀಕ್‌ಗಳು (ಘಟಕ ಹೊರಬಂದಾಗ ಗ್ರಾಫ್‌ನಲ್ಲಿ ಏಳುವ ಏರು) ಈಗ ಒಂದರ ಹೆಗಲ ಮೇಲೆ ಇನ್ನೊಂದು ಕೂತಿವೆ. ಪ್ರೆಶರ್ 120ರಿಂದ 200 ಬಾರ್ ಆಗಿದೆ. ಕಾಲಂ ಸರಿ ಇಲ್ವಾ?

ಹಳೇ ಪಂಪು: ಕಾಲಂ ಪಾಪ ಏನೂ ಮಾಡಿಲ್ಲ ಸರ್. ಉದ್ದವನ್ನು ಕಣದ ಗಾತ್ರದಿಂದ ಭಾಗಿಸಿ ನೋಡಿ, ಎರಡಕ್ಕೂ 50,000. ಬೇರ್ಪಡಿಸುವ ಶಕ್ತಿ ಹೆಚ್ಚೂಕಡಿಮೆ ಅಷ್ಟೇ ಇದೆ. ಎಡವಿದ್ದು ಗ್ರೇಡಿಯೆಂಟ್‌ನಲ್ಲಿ. ಕಾಲಂ 0.6 ಪಾಲಿಗೆ ಇಳಿದರೆ, ಅದೇ ಫ್ಲೋಗೆ 30 ನಿಮಿಷ 18 ಆಗಬೇಕು. ನೀವು 10 ಮಾಡಿದ್ದೀರಿ. ಅಸಿಟೋನೈಟ್ರೈಲ್ ಅಷ್ಟು ಬೇಗ ಏರಿದರೆ ಜೋಡಿ ಪೀಕ್ ಅಂಟದೆ ಇನ್ನೇನು!

ಫ್ಲೋ 1.5 ಮಾಡಿ. ಆಗ 0.6 ಅನ್ನು 1.5ರಿಂದ ಭಾಗಿಸಿದರೆ 0.4. ಗ್ರೇಡಿಯೆಂಟ್ ಪಟ್ಟಿಯ ಪ್ರತಿ ಸಮಯವನ್ನೂ 0.4ರಿಂದ ಗುಣಿಸಿ. ಕೊನೆಯ ವಾಶ್, ಈಕ್ವಿಲಿಬ್ರೇಶನ್ (ಕಾಲಂ ಮತ್ತೆ ಶುರುವಿನ ಸ್ಥಿತಿಗೆ ಬರುವ ಹೊತ್ತು) ಕೂಡ, ಅದನ್ನು ಇದಕ್ಕಿಂತ ಜಾಸ್ತಿ ಕತ್ತರಿಸಬೇಡಿ. ಇಂಜೆಕ್ಷನ್ 20 ಮೈಕ್ರೋಲೀಟರ್ ಇದ್ದರೆ 12. ಪ್ರೆಶರ್ 300 ಬಾರ್ ಹತ್ತಿರ ಬರುತ್ತದೆ, ನಿಮ್ಮ ಪಂಪ್ ತಡೆಯುತ್ತದಾ?

ಹೆಬ್ಬಾಳದವನು: 400ರ ತನಕ ತಡೆಯುತ್ತದೆ. ಹಾಕಿದೆ, 308 ಬಾರ್. ಆ ಜೋಡಿ ಬಿಡಿಸಿಕೊಂಡಿತು! ಆದರೆ ಶುರುವಿನ ಎರಡು ಸಣ್ಣ ಪೀಕ್ ಲೆಕ್ಕಕ್ಕಿಂತ ತಡವಾಗಿ ಬರುತ್ತಿವೆ. ಎತ್ತರವೂ ಒಂದೊಂದು ಸಲ ಒಂದೊಂದು ಥರ.

ಹಳೇ ಪಂಪು: ತಡ ಆಗುವುದು ಡ್ವೆಲ್ ವಾಲ್ಯೂಮ್‌ನಿಂದ. ಮಿಕ್ಸರ್‌ನಿಂದ ಕಾಲಂ ತಲೆಯವರೆಗಿನ ದ್ರವ ಅದು. ಕಾಲಂ ಚಿಕ್ಕದಾಯಿತು ಅಂತ ಅದು ಚಿಕ್ಕದಾಗುವುದಿಲ್ಲ ಅಲ್ವಾ. ನಿಮ್ಮದು 1 ಮಿಲಿ ಇದ್ದರೆ ಮೊದಲು 1 ನಿಮಿಷ ಕಾಯಿಸುತ್ತಿತ್ತು. ಈಗ 0.4 ಆಗಬೇಕಿತ್ತು, 0.67 ಆಗಿದೆ. ಶುರುವಿನಲ್ಲಿ 5% ಅಸಿಟೋನೈಟ್ರೈಲ್‌ನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ?

ಹೆಬ್ಬಾಳದವನು: 2 ನಿಮಿಷ ಇತ್ತು, ಈಗ 0.8.

ಹಳೇ ಪಂಪು: 0.5 ಮಾಡಿ. ಎತ್ತರ ಕುಣಿಯುವುದಕ್ಕೆ ಡಿಟೆಕ್ಟರ್ ನೋಡಿ. ಪೀಕ್ ಕಿರಿದಾಯಿತು, ಸೆಕೆಂಡಿಗೆ ಎರಡು ಬಿಂದು ದಾಖಲಿಸಿದರೆ ಸಾಲದು. 10 ಇಡಿ.

ಹೆಬ್ಬಾಳದವನು: ಎರಡೂ ಸರಿಹೋಯಿತು ಸರ್. ಈಗ ರನ್ 18 ನಿಮಿಷ, 24ಕ್ಕೆ 7 ಗಂಟೆ 12 ನಿಮಿಷ. ಇವತ್ತು ಒಂಬತ್ತೂವರೆಗೆ ಹಾಕಿದ್ದು ಐದರೊಳಗೆ ಮುಗಿಯಿತು.