ಗಣಿತ ಶಿಕ್ಷಕರಿಲ್ಲದ ಶಾಲೆ, ಬಿ.ಇಡಿ. ಇಲ್ಲದ ಊರ ಹುಡುಗ: ಅರ್ಹತೆಗೆ ಬೇರೆ ದಾರಿ ಇದೆಯೇ?

ಪ್ರಶ್ನೆ: ಹತ್ತಿಹೊಲ (ರಾಯಚೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಕೃಷಿಕ, ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷನೂ ಹೌದು. ನಮ್ಮಲ್ಲಿ ಆರರಿಂದ ಎಂಟನೆಯ ತರಗತಿಗೆ ಗಣಿತ-ವಿಜ್ಞಾನ ಕಲಿಸುವ ಜಿಪಿಟಿ (ಪದವೀಧರ ಪ್ರಾಥಮಿಕ ಶಿಕ್ಷಕ) ಹುದ್ದೆ ಮೂರು ವರ್ಷಗಳಿಂದ ಖಾಲಿ ಇದೆ. ಅತಿಥಿ ಶಿಕ್ಷಕರ ಹುದ್ದೆ ಮಂಜೂರಾಗುತ್ತದೆ, ಆದರೆ ಬಿ.ಇಡಿ. ಆದ ಗಣಿತದವರು ಯಾರೂ ಅರ್ಜಿ ಹಾಕುವುದಿಲ್ಲ. ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು ಇರುವ ಊರಿಗೆ ಹನ್ನೆರಡು ಸಾವಿರ ಗೌರವಧನಕ್ಕಾಗಿ ಬಂದು ಹೋಗುವವರಾದರೂ ಯಾರು?

ನಮ್ಮೂರಿನಲ್ಲೇ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿ ಬಿ.ಎಸ್ಸಿ. ಮುಗಿಸಿದ ಹುಡುಗನೊಬ್ಬನಿದ್ದಾನೆ. ಮನೆಯ ಪರಿಸ್ಥಿತಿಯಿಂದ ಬಿ.ಇಡಿ. ಮಾಡಲಾಗಲಿಲ್ಲ. ಕಳೆದ ವರ್ಷದಿಂದ ಊರವರೆಲ್ಲ ವಂತಿಗೆ ಕೂಡಿಸಿ ಅವನಿಗೆ ತಿಂಗಳಿಗೆ ಆರು ಸಾವಿರ ಕೊಟ್ಟು ಪಾಠ ಮಾಡಿಸುತ್ತಿದ್ದೇವೆ. ಒಂದು ದಿನ ಏಳನೆಯ ತರಗತಿಯ ಬಾಗಿಲಲ್ಲಿ ನಿಂತು ಕೇಳಿದೆ. ಋಣ ಸಂಖ್ಯೆಗಳ ಪಾಠ ನಡೆದಿತ್ತು. "ಹತ್ತಿ ಬಿಡಿಸಾಕ ಐನೂರು ಮುಂಗಡ ತಗೊಂಡಿ. ಕಿಲೋಕ್ಕ ಹತ್ತು ರೂಪಾಯಿ, ನೀ ಬಿಡಿಸಿದ್ದು ಮೂವತ್ತೆರಡು ಕಿಲೋ. ನಿನ್ನ ಲೆಕ್ಕ ಎಲ್ಲಿಗೆ ನಿಂತಿತು?" ಎಂದು ಕೇಳಿದ. ಹಿಂದಿನ ಸಾಲಿನ ಹುಡುಗಿಯೊಬ್ಬಳು ತಡಮಾಡದೆ, "ಇನ್ನಾ ನೂರಾ ಎಂಬತ್ತು ನಾನೇ ಕೊಡಬೇಕ್ರಿ ಸರ" ಎಂದಳು. ಅವನು ಬೋರ್ಡಿನ ಮೇಲೆ 180 ಬರೆದು ಅದರ ಹಿಂದೆ ಒಂದು ಗೆರೆ ಎಳೆದ. ಆ ಹುಡುಗಿ ನಿಜವಾಗಿಯೂ ಹತ್ತಿ ಬಿಡಿಸಲು ಹೋಗುತ್ತಾಳೆ ಎಂಬುದು ಬೇರೆ ಸಂಕಟ. ಆದರೆ ಆ ಗೆರೆಯ ಅರ್ಥ ಅವಳು ಇನ್ನು ಮರೆಯಲಿಕ್ಕಿಲ್ಲ.

ನನ್ನ ಪ್ರಶ್ನೆ ಇಷ್ಟು. ಈಗಾಗಲೇ ಕಲಿಸುತ್ತಿರುವ ಇಂಥವನು ಶಾಲೆಯಲ್ಲಿದ್ದುಕೊಂಡೇ ಶಿಕ್ಷಕ ಅರ್ಹತೆ ಪಡೆಯಲು ಕಾನೂನಿನಲ್ಲಿ ಏನಾದರೂ ದಾರಿ ಇದೆಯೇ? ಇಲ್ಲದಿದ್ದರೆ, ಅದು ಇರಬೇಕೆಂದು ಕೇಳುವುದು ತಪ್ಪೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ 1: ನಿವೃತ್ತ ಅಧಿಕಾರಿ, ಧಾರವಾಡ

ಮಾನ್ಯರೇ, ನಿಮ್ಮ ಮೊದಲನೆಯ ಪ್ರಶ್ನೆಗೆ ಇಂದಿನ ಉತ್ತರ "ಇಲ್ಲ". ಏಕೆ ಇಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಒಂದು ಕಾಲದಲ್ಲಿ ಆ ದಾರಿ ಇತ್ತು.

ಶಿಕ್ಷಣ ಹಕ್ಕು ಕಾಯ್ದೆಯ 23ನೆಯ ಕಲಮಿನ ಪ್ರಕಾರ ಒಂದರಿಂದ ಎಂಟನೆಯ ತರಗತಿಯ ಶಿಕ್ಷಕರ ಕನಿಷ್ಠ ಅರ್ಹತೆಯನ್ನು ನಿಗದಿ ಮಾಡುವುದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ. ಆರರಿಂದ ಎಂಟಕ್ಕೆ ಪದವಿಯ ಜೊತೆ ಎರಡು ವರ್ಷದ ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಇರಬೇಕು, ಅಥವಾ ಪದವಿಯಲ್ಲಿ ಶೇ 50 ಅಂಕದ ಜೊತೆ ಬಿ.ಇಡಿ. ಇರಬೇಕು, ಇವೆರಡರಲ್ಲಿ ಯಾವುದಿದ್ದರೂ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಲೇಬೇಕು. ಅದೇ ಕಲಮಿನ ಎರಡನೆಯ ಉಪಕಲಮಿನಲ್ಲಿ, ತರಬೇತಿ ಪಡೆದವರು ಸಾಕಷ್ಟು ಸಿಗದ ರಾಜ್ಯಗಳಿಗೆ ಐದು ವರ್ಷಗಳ ಮಟ್ಟಿಗೆ ಸಡಿಲಿಕೆ ಕೊಡಲು ಅವಕಾಶವಿತ್ತು. ಬಿಹಾರ, ಪಶ್ಚಿಮ ಬಂಗಾಳ, ಅಸ್ಸಾಂ ಮುಂತಾದ ರಾಜ್ಯಗಳು ಇದನ್ನು ಬಳಸಿಕೊಂಡವು. 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಆಗಾಗಲೇ ಕೆಲಸದಲ್ಲಿದ್ದ ತರಬೇತಿರಹಿತರಿಗೆ 2019ರ ಮಾರ್ಚ್ 31ರವರೆಗೆ ಕಾಲಾವಕಾಶ ನೀಡಿದರು. ಅವರಿಗಾಗಿ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ) ಸಂಸ್ಥೆಯು ಟಿ.ವಿ. ವಾಹಿನಿ ಮತ್ತು ಆನ್‌ಲೈನ್ ಮೂಲಕ ಡಿ.ಎಲ್.ಇಡಿ. ನಡೆಸಿತು, ಸೇರಿದವರು 13 ಲಕ್ಷಕ್ಕೂ ಹೆಚ್ಚು. ನೀವು ಕೇಳುತ್ತಿರುವ "ಕಲಿಸುತ್ತಲೇ ಅರ್ಹತೆ" ಎಂಬುದಕ್ಕೆ ನಮ್ಮ ದೇಶದಲ್ಲಿ ನಡೆದ ಅತಿ ದೊಡ್ಡ ಉದಾಹರಣೆ ಇದೇ.

ಮುಂದೇನಾಯಿತು ನೋಡಿ. ಕೆಲಸದಲ್ಲಿದ್ದವರಿಗೆ ಆ ಡಿ.ಎಲ್.ಇಡಿ.ಯನ್ನು 18 ತಿಂಗಳಿಗೆ ಇಳಿಸಲಾಗಿತ್ತು. ಇದು ಎರಡು ವರ್ಷದ ಡಿಪ್ಲೊಮಾಗೆ ಸಮವಲ್ಲ ಎಂದು 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2017ರ ಆಗಸ್ಟಿನಲ್ಲಿ ನಿಜವಾಗಿ ಕೆಲಸದಲ್ಲಿದ್ದವರಿಗೆ ರಕ್ಷಣೆ ಸಿಕ್ಕಿದ್ದು ಒಂದು ವರ್ಷದ ನಂತರ ಬಂದ ಮತ್ತೊಂದು ತೀರ್ಪಿನಿಂದ. ಬಿ.ಇಡಿ. ಆದವರು ಆರು ತಿಂಗಳ ಬ್ರಿಜ್ ಕೋರ್ಸ್ ಮಾಡಿ ಒಂದರಿಂದ ಐದನೆಯ ತರಗತಿಗೆ ಕಲಿಸಬಹುದೆಂಬ 2018ರ ಅಧಿಸೂಚನೆಯೂ 2023ರ ಆಗಸ್ಟ್ 11ರಂದು ರದ್ದಾಯಿತು. ಉತ್ತರ ಪ್ರದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಕ್ಷಾಮಿತ್ರರೆಂಬ ಗುತ್ತಿಗೆ ಶಿಕ್ಷಕರನ್ನು ಸಹಾಯಕ ಶಿಕ್ಷಕರೆಂದು ಕಾಯಂ ಮಾಡಿದ್ದ ಕ್ರಮ 2017ರ ಜುಲೈನಲ್ಲಿ ಬಿದ್ದುಹೋದದ್ದು ನಿಮಗೆ ನೆನಪಿರಬಹುದು. ಸರ್ಕಾರ ತೆರೆದ ಪ್ರತಿಯೊಂದು ಒಳದಾರಿಯೂ ಕೊನೆಗೆ ನ್ಯಾಯಾಲಯದ ಕಟ್ಟೆ ಹತ್ತಿದೆ. ಹೀಗಾಗಿ ಆ ಹುಡುಗನಿಗೆ ಯಾರಾದರೂ ಅಲ್ಪಾವಧಿಯ ಪ್ರಮಾಣಪತ್ರದ ಆಸೆ ತೋರಿಸಿದರೆ ದಯವಿಟ್ಟು ದುಡ್ಡು ಕಟ್ಟಿಸಬೇಡಿ.

ದೂರಶಿಕ್ಷಣದ ಬಿ.ಇಡಿ. ಮಾಡಬಹುದಲ್ಲ ಎಂದು ಕೆಲವರು ಸಲಹೆ ಕೊಡುತ್ತಾರೆ. ಅದಕ್ಕೆ ಪ್ರವೇಶವಿರುವುದು ಈಗಾಗಲೇ ತರಬೇತಿ ಪಡೆದು ಸೇವೆಯಲ್ಲಿರುವ ಪ್ರಾಥಮಿಕ ಶಿಕ್ಷಕರಿಗೆ, ಇಲ್ಲವೇ ತರಗತಿಗೆ ಹೋಗಿ ಎನ್‌ಸಿಟಿಇ ಮಾನ್ಯತೆಯ ಶಿಕ್ಷಕ ತರಬೇತಿ ಮುಗಿಸಿದವರಿಗೆ ಮಾತ್ರ. ಊರು ಬಿಡಲಾಗದವನಿಗಾಗಿ ಇರಬೇಕಾದ ದಾರಿ ಅವನಿಗೇ ಮುಚ್ಚಿದೆ.

ಉತ್ತರ 2: ಅತಿಥಿ ಶಿಕ್ಷಕಿ, ಕೊಪ್ಪಳ

ಹತ್ತಿಹೊಲದ ಅಣ್ಣನವರೇ, ನಿಮ್ಮ ಕಾಳಜಿಯ ಬಗ್ಗೆ ಗೌರವವಿದೆ. ಆದರೂ ಒಂದು ಮಾತು ನಿಷ್ಠುರವಾಗಿ ಹೇಳಬೇಕಾಗಿದೆ.

ನಾನು ಬಿ.ಇಡಿ. ಮಾಡಿದ್ದೇನೆ, ಟಿಇಟಿ ಪಾಸಾಗಿದ್ದೇನೆ, ಐದನೆಯ ವರ್ಷ ಅತಿಥಿ ಶಿಕ್ಷಕಿಯಾಗಿದ್ದೇನೆ. ಪ್ರತಿ ಜೂನ್‌ನಲ್ಲಿ ಹೊಸದಾಗಿ ಅರ್ಜಿ, ಹೊಸದಾಗಿ ಮೆರಿಟ್ ಪಟ್ಟಿ. ವರ್ಷದ ಕೊನೆಯಲ್ಲಿ ನಮ್ಮ ಹೆಸರು ಹಾಜರಿ ಪುಸ್ತಕದಿಂದ ತಾನಾಗಿಯೇ ಇಲ್ಲವಾಗುತ್ತದೆ. ಗೌರವಧನ ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬಂದರೆ ಅದೇ ಪುಣ್ಯ. 2025-26ನೇ ಸಾಲಿಗೆ ರಾಜ್ಯದಲ್ಲಿ ಪ್ರಾಥಮಿಕಕ್ಕೆ 40,000, ಪ್ರೌಢಶಾಲೆಗೆ 11,000 ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಅನುಮತಿ ಕೊಟ್ಟರು. ಅರ್ಹರೇ ಇಲ್ಲದ ಕೊರತೆ ಇದಾಗಿದ್ದರೆ ಇಷ್ಟು ಜನ ಎಲ್ಲಿಂದ ಬರುತ್ತಿದ್ದರು? ಕಾಯಂ ನೇಮಕ ಮಾಡದೆ ಉಳಿಸಿಕೊಂಡ ಕೊರತೆ ಇದರಲ್ಲಿ ದೊಡ್ಡ ಪಾಲು. ಬಿ.ಇಡಿ. ಆದ ನಮ್ಮನ್ನೇ ಹೀಗೆ ಬಳಸುವವರು, ಬಿ.ಇಡಿ. ಇಲ್ಲದವರಿಗೂ ದಾರಿ ತೆರೆದರೆ ಇನ್ನೂ ಅಗ್ಗಕ್ಕೆ ಬಳಸಲಾರರೇ? ಬೆಂಗಳೂರಿನ ಯಾವ ಬಡಾವಣೆಯ ಪಾಲಕರೂ ತಮ್ಮ ಮಕ್ಕಳಿಗೆ "ಕಲಿಸುತ್ತ ಕಲಿಯುವ" ಶಿಕ್ಷಕ ಸಾಕೆಂದು ಒಪ್ಪುವುದಿಲ್ಲ.

ಹಾಗೆಂದು ನಮ್ಮ ಬಿ.ಇಡಿ.ಯನ್ನು ನಾನು ಹೊಗಳುವವಳಲ್ಲ. ಎರಡು ವರ್ಷದಲ್ಲಿ ನನಗೆ ಕೆಲಸಕ್ಕೆ ಬಂದದ್ದು ಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡಿದ ವಾರಗಳು. ಉಳಿದಂತೆ ಪಾಠಯೋಜನೆಗೆ ಬಣ್ಣಬಣ್ಣದ ಅಂಚು ಕಟ್ಟಿದ್ದು, ಥರ್ಮೋಕೋಲಿನಲ್ಲಿ ಹೃದಯ ಕೊರೆದದ್ದು. ಕಾಲೇಜಿಗೆ ಕಾಲಿಡದೆ ಹಾಜರಾತಿ ಪಡೆದ ಸಹಪಾಠಿಗಳೂ ಇದ್ದರು. ಅವರ ಕೈಯಲ್ಲಿರುವ ಪ್ರಮಾಣಪತ್ರಕ್ಕೂ ನನ್ನದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಟಿಇಟಿ ಬಗ್ಗೆಯೂ ತಿಳಿದಿರಲಿ. ಪತ್ರಿಕೆ 2ರಲ್ಲಿ ಒಟ್ಟು 150 ಅಂಕ. ಗಣಿತ-ವಿಜ್ಞಾನಕ್ಕೆ 60 ಮಾತ್ರ. ಮಿಕ್ಕ 90 ಎರಡು ಭಾಷೆಗಳಿಗೆ ಮತ್ತು ಶಿಶು ಮನೋವಿಜ್ಞಾನಕ್ಕೆ. ಸಾಮಾನ್ಯ ವರ್ಗಕ್ಕೆ ಶೇ 60 ಬೇಕು. ಗಣಿತದಲ್ಲಿ ಗಟ್ಟಿಯಿದ್ದ ನನ್ನ ಗೆಳತಿ ಮೂರು ಸಲ ಸೋತದ್ದು ಇಂಗ್ಲಿಷಿನಲ್ಲಿ. ನಿಮ್ಮ ಹುಡುಗ ಈಗಿನಿಂದಲೇ ಇಂಗ್ಲಿಷ್ ಓದಲಿ.

ಉತ್ತರ 3: ಟೆಕ್ಸಸ್ ಕನ್ನಡತಿ

ನಾನು ಮೂಲತಃ ಬಳ್ಳಾರಿಯವಳು. ಎಂಟು ವರ್ಷಗಳಿಂದ ಅಮೆರಿಕದ ಟೆಕ್ಸಸ್‌ನಲ್ಲಿ ಸರ್ಕಾರಿ ಶಾಲೆಯ ಗಣಿತ ಶಿಕ್ಷಕಿ. ಹತ್ತಿಹೊಲದವರು ಕೇಳುವಂಥ ದಾರಿಯಿಂದಲೇ ಕೆಲಸಕ್ಕೆ ಸೇರಿದವಳಾದ್ದರಿಂದ ನನ್ನ ಅನುಭವ ಬರೆಯುತ್ತಿದ್ದೇನೆ.

ಇಲ್ಲಿ ಇಂಥ ದಾರಿಗಳು 1980ರ ದಶಕದ ನಡುವಿನಿಂದ ಇವೆ. ನ್ಯೂಜೆರ್ಸಿ ಮತ್ತು ಟೆಕ್ಸಸ್ ಮೊದಲಿಗೆ ತೆರೆದ ರಾಜ್ಯಗಳಲ್ಲಿ ಸೇರಿವೆ. ನನ್ನ ಬಿ.ಎಸ್ಸಿ. ಪದವಿಯನ್ನು ಇಲ್ಲಿನದಕ್ಕೆ ತೂಗಿ ನೋಡಿದರು, ಗಣಿತದ ವಿಷಯ ಪರೀಕ್ಷೆ ಬರೆದೆ, ಒಂದಷ್ಟು ತರಬೇತಿ ಮೊದಲೇ ಮುಗಿಸಿದೆ. ಆಮೇಲೆ ಒಂದು ವರ್ಷದ ಇಂಟರ್ನ್ ಪ್ರಮಾಣಪತ್ರ ಕೊಟ್ಟು, ಪೂರ್ಣ ಸಂಬಳದೊಂದಿಗೆ ತರಗತಿಗೆ ಕಳಿಸಿದರು. ಅದೇ ಶಾಲೆಯ ಹಿರಿಯ ಶಿಕ್ಷಕಿಯೊಬ್ಬರು ನನ್ನ ಮಾರ್ಗದರ್ಶಕಿ. ತರಬೇತಿ ಸಂಸ್ಥೆಯಿಂದ ಮೇಲ್ವಿಚಾರಕರು ಬಂದು ತರಗತಿಯ ಹಿಂದೆ ಕೂತು ಬರೆದುಕೊಳ್ಳುತ್ತಿದ್ದರು. ಮೊದಲ ಸಲ ಬಂದವರು ಪಾಠ ಮುಗಿದ ಮೇಲೆ, "ನಲವತ್ತು ನಿಮಿಷದಲ್ಲಿ ನೀನು ಕಿಟಕಿ ಪಕ್ಕದ ಸಾಲಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ" ಎಂದರು. ಆ ಮಾತು ಇಂದಿಗೂ ಪ್ರತಿ ಪಾಠದಲ್ಲಿ ನನ್ನ ಕಿವಿಯಲ್ಲಿರುತ್ತದೆ. ವರ್ಷದ ಕೊನೆಗೆ ಬೋಧನೆಯ ಕುರಿತ ಪರೀಕ್ಷೆ ಪಾಸಾದ ಮೇಲೆ ಪೂರ್ಣ ಪ್ರಮಾಣಪತ್ರ.

ಆದರೆ ಇಲ್ಲಿನದೆಲ್ಲ ಚಿನ್ನವಲ್ಲ. ಹಣ ಕಟ್ಟಿಸಿಕೊಂಡು ಆನ್‌ಲೈನಿನಲ್ಲೇ ಮುಗಿಸುವ ಸಂಸ್ಥೆಗಳು ಬೇಕಾದಷ್ಟಿವೆ. ಬಾಗಿಲು ಸಡಿಲಾದಂತೆ ಅದೂ ಸಾಲದಾಯಿತು: 2023-24ರಲ್ಲಿ ಈ ರಾಜ್ಯ ಹೊಸದಾಗಿ ನೇಮಿಸಿಕೊಂಡ ಶಿಕ್ಷಕರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಯಾವ ಪ್ರಮಾಣಪತ್ರವೂ ಇರಲಿಲ್ಲ. ಈಗ ಅದಕ್ಕೆ ಕಡಿವಾಣ ಹಾಕಲು 2025ರಲ್ಲಿ ಕಾನೂನು ತಂದಿದ್ದಾರೆ. ಕೊಪ್ಪಳದ ಮೇಡಂ ಅವರ ಭಯ ಆಧಾರವಿಲ್ಲದ್ದಲ್ಲ. ನನ್ನ ಮಟ್ಟಿಗೆ ದಾರಿ ಗಟ್ಟಿಯಾದದ್ದು ಹಿಂದೆ ಕೂತು ನೋಡಿದ ಆ ಒಬ್ಬ ವ್ಯಕ್ತಿಯಿಂದ.

ಉತ್ತರ 4: ನಿವೃತ್ತ ಅಧಿಕಾರಿ, ಧಾರವಾಡ

ಟೆಕ್ಸಸ್‌ನ ಸಹೋದರಿ ಬರೆದದ್ದನ್ನು ಓದಿ ರಾಜಸ್ಥಾನದ ಶಿಕ್ಷಾಕರ್ಮಿ ಯೋಜನೆ ನೆನಪಾಯಿತು. ಶಿಕ್ಷಕರು ಹೋಗಲೊಲ್ಲದ ದೂರದ ಹಳ್ಳಿಗಳಿಗಾಗಿ 1987ರಲ್ಲಿ ಸ್ವೀಡನ್ನಿನ ನೆರವಿನಿಂದ ಆರಂಭವಾದ ಯೋಜನೆ ಅದು. ಅದೇ ಊರಿನ ಯುವಕರನ್ನು ಆರಿಸಿಕೊಳ್ಳುತ್ತಿದ್ದರು. ಗಂಡಸರಿಗೆ ಎಂಟನೆಯ ತರಗತಿ, ಹೆಂಗಸರಿಗೆ ಐದನೆಯ ತರಗತಿ ಆಗಿದ್ದರೆ ಸಾಕಿತ್ತು. ಮೊದಲಿಗೆ 37 ದಿನಗಳ ತರಬೇತಿ, ಆಮೇಲೆ ವರ್ಷವರ್ಷವೂ ಮರಳಿ ತರಬೇತಿ. ಓದು ಅಷ್ಟು ಕಡಿಮೆಯಿದ್ದರೂ ಶಾಲೆಗಳು ನಡೆದವು, ಏಕೆಂದರೆ ತರಬೇತಿ ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವಂಥದ್ದಾಗಿರಲಿಲ್ಲ.

ಕೊಪ್ಪಳದ ಮಗಳ ವಾದವನ್ನು ಅರ್ಧ ಒಪ್ಪುತ್ತೇನೆ. ಒಟ್ಟಾರೆ ಬಿ.ಇಡಿ. ಆದವರಿಗೆ ಬರವಿಲ್ಲ. ಆದರೆ 2022ರಲ್ಲಿ 15,000 ಜಿಪಿಟಿ ಹುದ್ದೆಗಳಿಗೆ ಅಧಿಸೂಚನೆ ಹೊರಡಿಸಿ, ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆಂದೇ ಇಟ್ಟರೂ, ಆಯ್ಕೆಯಾದವರು 13 ಸಾವಿರ ಚಿಲ್ಲರೆ. ಸರ್ಕಾರ ಹುದ್ದೆ ಕೊಡಲು ಮುಂದಾದಾಗಲೂ ತುಂಬದ ಜಾಗಗಳಿದ್ದವು. ಹುದ್ದೆ ಕರೆಯದ ಕೊರತೆ ಬೇರೆ, ಕರೆದರೂ ಬರುವವರಿಲ್ಲದ ಕೊರತೆ ಬೇರೆ. ಹತ್ತಿಹೊಲದವರ ಊರಿನದು ಎರಡನೆಯದು. ಅದಕ್ಕೆ ಊರಲ್ಲೇ ಉಳಿಯುವವನನ್ನು ತಯಾರು ಮಾಡುವುದೊಂದೇ ಬಾಳುವ ಮದ್ದು ಎಂಬುದು ನನ್ನ ಸೇವಾವಧಿಯ ಅನುಭವ. ಹೊರಗಿನಿಂದ ಬಂದವರ ವರ್ಗಾವಣೆ ಅರ್ಜಿಗೆ ಶಿಫಾರಸು ಬರೆಯುವುದರಲ್ಲೇ ನನ್ನ ಎಷ್ಟೋ ಬೇಸಿಗೆ ಕಳೆದಿವೆ.

ನನ್ನ ಕೈಯಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಅರ್ಹತೆಯನ್ನು ಇಳಿಸುವುದು ಬೇಡ, ಬಿ.ಇಡಿ., ಟಿಇಟಿ ಎರಡೂ ಇರಲಿ. ಆದರೆ ಬರುವವರಿಲ್ಲದ ತಾಲ್ಲೂಕುಗಳಲ್ಲಿ ಡಯಟ್ (ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆ) ಮೂಲಕವೇ ಬಿ.ಇಡಿ. ನಡೆಸಿ, ವಾರದಲ್ಲಿ ನಾಲ್ಕು ದಿನ ಸ್ವಂತ ಊರಿನ ಶಾಲೆಯಲ್ಲಿ ಪಾಠ, ಎರಡು ದಿನ ಡಯಟ್‌ನಲ್ಲಿ ತರಗತಿ, ಸಿಆರ್‌ಪಿ (ಶಾಲೆಗಳ ಗುಂಪಿನ ಸಂಪನ್ಮೂಲ ವ್ಯಕ್ತಿ) ತಿಂಗಳಿಗೆರಡು ಸಲ ಹಿಂದೆ ಕೂತು ನೋಡುವುದು, ಓದುವಾಗಲೇ ಗೌರವಧನ. ಎನ್‌ಸಿಟಿಇ ಒಪ್ಪಿಗೆಯಿಲ್ಲದೆ ರಾಜ್ಯ ಇದನ್ನು ಮಾಡಲಾಗದು. ಅಧಿಸೂಚನೆಯೊಂದರ ಬಲದಿಂದ ಮಾಡಿದ್ದು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲವೆಂದು ಆಗಲೇ ಬರೆದಿದ್ದೇನೆ. ಹೊಸ ಶಿಕ್ಷಣ ನೀತಿಯಲ್ಲಿ ಸ್ಥಳೀಯರಿಗೆ ಅಲ್ಪಾವಧಿ ತರಬೇತಿಯ ಪ್ರಸ್ತಾಪವಿದೆ ಎಂದು ಯಾರಾದರೂ ಹೇಳಿಯಾರು. ಅದು ಸ್ಥಳೀಯ ಕಸುಬು, ಕೌಶಲ ಕಲಿಸುವವರಿಗಾಗಿ, ಗಣಿತದ ಹುದ್ದೆಗಲ್ಲ.

ಪ್ರಶ್ನೆ ಕೇಳಿದವರಿಂದ: ಹತ್ತಿಹೊಲ

ಎಲ್ಲರಿಗೂ ಋಣಿ. ಕೊಪ್ಪಳದ ತಂಗಿಯ ಮಾತು ಮೊದಲು ಚುಚ್ಚಿತು, ನಿಜ. ಆರು ಸಾವಿರಕ್ಕೆ ಅವನನ್ನು ದುಡಿಸುತ್ತಿರುವವರು ನಾವೇ ಅಲ್ಲವೇ? ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ನಿನ್ನೆ ಸಂಜೆ ಎಸ್‌ಡಿಎಂಸಿ ಸಭೆ ಸೇರಿಸಿ ಈ ಬರಹಗಳನ್ನೆಲ್ಲ ಓದಿ ಹೇಳಿದೆ. ಹುಡುಗನೂ ಇದ್ದ. ಅವನ ಪದವಿ ಅಂಕ ಶೇ 71, ಬಿ.ಇಡಿ. ಸರ್ಕಾರಿ ಸೀಟು ಅಂಕದ ಮೇಲೆ ಸಿಗುವುದರಿಂದ ಪ್ರಯತ್ನಿಸಬಹುದು. ವಂತಿಗೆ ನಿಲ್ಲಿಸದೆ, ಎರಡು ವರ್ಷ ಅದನ್ನೇ ಅವನ ಶುಲ್ಕಕ್ಕೂ ಬಸ್ ಪಾಸಿಗೂ ಕೊಡುವುದೆಂದು ತೀರ್ಮಾನವಾಯಿತು. ಇಂಟರ್ನ್‌ಶಿಪ್‌ಗೆ ನಮ್ಮ ಶಾಲೆಯನ್ನೇ ಹಂಚಿಕೆ ಮಾಡುವಂತೆ ಕಾಲೇಜಿಗೆ ಮನವಿ ಬರೆಯುತ್ತೇವೆ. ಮುಂದೆ ಹುದ್ದೆ ನಮ್ಮೂರಿಗೇ ಸಿಗುತ್ತದೆಂಬ ಖಾತ್ರಿಯಿಲ್ಲ ಎಂದು ಮುಖ್ಯಗುರುಗಳು ಎಚ್ಚರಿಸಿದರು. ಅದಿರಲಿ ಎಂದೆವು.

ಉಳಿದ ತೊಡಕು ಒಂದೇ, ಅದನ್ನು ಎತ್ತಿದ್ದು ಸಭೆಗೆ ಬಂದಿದ್ದ ಒಬ್ಬ ತಾಯಿ. ಅವನು ಓದಲು ಹೋದರೆ ಈ ಎರಡು ವರ್ಷ ಲೆಕ್ಕ ಹೇಳಿಕೊಡುವವರು ಯಾರು? ಸದ್ಯಕ್ಕೆ, ಸಂಜೆ ಬಸ್ಸಿಗೆ ಬಂದಿಳಿದ ಮೇಲೆ ಏಳೂವರೆಯವರೆಗೆ ಎಂಟನೆಯ ತರಗತಿಗೆ ಪಾಠ ಮಾಡುತ್ತೇನೆ ಎಂದಿದ್ದಾನೆ. ಆರು, ಏಳನೆಯ ತರಗತಿಗೆ ಇನ್ನೂ ಯಾರೂ ಗೊತ್ತಾಗಿಲ್ಲ. ಸುತ್ತಮುತ್ತಲ ಊರಿನಲ್ಲಿ ಗಣಿತ ಬಲ್ಲ ನಿವೃತ್ತ ಶಿಕ್ಷಕರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಬಸ್ ಸಮಯ ತಪ್ಪಿದರೆ ಬೈಕಿನಲ್ಲಿ ಕರೆತಂದು ಬಿಡುವ ಹೊಣೆ ನನ್ನದು.