ಮರೆ ಸ್ಕ್ರೂ, ಕಿವಿ, ಮಡಿಕೆ: ಗೋಡೆ ಹೊದಿಕೆ ಪ್ಯಾನೆಲ್‌ಗಳಿಗೆ ಯಾವ ಪದ ಕೂರುತ್ತದೆ?

ಎಲ್ಲರಿಗೂ ನಮಸ್ಕಾರ,

ಕಟ್ಟಡದ ಹೊರಗೋಡೆಗೆ ಲೋಹದ ಪ್ಯಾನೆಲ್ ಕೂರಿಸುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಶೋರೂಮು, ಆಸ್ಪತ್ರೆಗಳ ಮುಂಭಾಗದಲ್ಲಿ ಇಂಥ ಪ್ಯಾನೆಲ್‌ಗಳನ್ನು ನೀವು ನೋಡಿರುತ್ತೀರಿ. ಮೈ ನುಣುಪಾಗಿರುತ್ತದೆ, ಎಲ್ಲೂ ಒಂದು ಸ್ಕ್ರೂ ತಲೆ ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಇದು ‘ಕನ್ಸೀಲ್ಡ್ ಫಾಸ್ಟನರ್ ಕ್ಲಾಡಿಂಗ್’. ಕೈಪಿಡಿ ಓದುವವರು ಹಾಸನ, ದಾವಣಗೆರೆ, ಹುಬ್ಬಳ್ಳಿಯಂಥ ಊರುಗಳ ಫ್ಯಾಬ್ರಿಕೇಶನ್ ಅಂಗಡಿಯವರು, ಅವರ ಕೈಕೆಳಗೆ ಕೆಲಸ ಕಲಿಯುವ ಹುಡುಗರು. ಪದ ಓದಿದ ಕೂಡಲೇ ಕೈ ಏನು ಮಾಡಬೇಕು ಅಂತ ಅವರಿಗೆ ಹೊಳೆಯಬೇಕು. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು.

ಮೊದಲು ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. ಗೋಡೆಗೆ ಬ್ರಾಕೆಟ್ ಹೊಡೆದು, ಅದಕ್ಕೆ ಅಲ್ಯೂಮಿನಿಯಂ ಅಥವಾ ಕಬ್ಬಿಣದ ನೇರ ಪಟ್ಟಿಗಳನ್ನು ನಿಲ್ಲಿಸುತ್ತಾರೆ. ಗೋಡೆ ವಾಲಿದ್ದರೆ ಪಟ್ಟಿಯ ಹಿಂದೆ ಪ್ಯಾಕಿಂಗ್ ಕೊಟ್ಟು ಸರಿ ಮಾಡಿಕೊಳ್ಳುತ್ತಾರೆ. ಅಡ್ಡಸಾಲಿನ ಪ್ಯಾನೆಲ್ ಆದರೆ ಕೆಲಸ ಬುಡದಿಂದ ಶುರು. ಬುಡದಲ್ಲಿ ಲೆವೆಲ್ ನೋಡಿ ಒಂದು ಪಟ್ಟಿ ಹೊಡೆದಿರುತ್ತಾರೆ. ಮೊದಲ ಪ್ಯಾನೆಲ್ಲಿನ ಕೆಳ ಅಂಚು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಮೇಲಿನ ಅಂಚು ಸ್ವಲ್ಪ ಚಾಚಿಕೊಂಡಿರುತ್ತದೆ, ಅದರಲ್ಲಿ ಉದ್ದನೆಯ ತೂತುಗಳಿರುತ್ತವೆ. ಸ್ಕ್ರೂ ಹೋಗುವುದು ಅಲ್ಲಿ. ಎರಡನೆಯ ಪ್ಯಾನೆಲ್ಲಿನ ಕೆಳ ಅಂಚು ಬಂದು ಆ ಸ್ಕ್ರೂಗಳನ್ನೆಲ್ಲ ಮುಚ್ಚಿಬಿಡುತ್ತದೆ. ಹೀಗೇ ಮೇಲಕ್ಕೆ ಹೋಗಬೇಕು.

‘ಕ್ಲಾಡಿಂಗ್’ಗೆ ‘ಹೊದಿಕೆ’ ಸಾಕು ಅನ್ನುವುದು ನನ್ನ ನಿಲುವು. ‘ಆವರಣ’, ‘ಆಚ್ಛಾದನ’ ಎರಡೂ ಬೇಡ. ಹೊದಿಕೆ ಅಂದರೆ ಚಳಿಗೆ ಹೊದೆಯುವ ಕಂಬಳಿ ಅಲ್ವಾ ಅಂತ ಸ್ನೇಹಿತರೊಬ್ಬರು ತಕರಾರು ತೆಗೆದರು. ಆದರೆ ‘ಹೊದಿಸು’ ಕಟ್ಟಡದ ಕೆಲಸದಲ್ಲಿ ಮೊದಲಿನಿಂದಲೂ ಇರುವ ಪದ. ಮಾಡಿಗೆ ಸೋಗೆ ಹೊದಿಸುತ್ತೇವೆ, ಹುಲ್ಲು ಹೊದಿಸುತ್ತೇವೆ, ಹೆಂಚು ಹೊದಿಸುತ್ತೇವೆ. ಹಾಗೆಯೇ ಗೋಡೆಗೆ ಪ್ಯಾನೆಲ್ ಹೊದಿಸುವುದು. ಕ್ರಿಯಾಪದ ಕೈಯಲ್ಲೇ ಇರುವಾಗ ಹೆಸರುಪದಕ್ಕೆ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು?

ಹೆಂಚಿನ ಮಾತು ಬಂದದ್ದರಿಂದ ಇನ್ನೊಂದು ವಿಷಯ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಮಾಡಿದ ಹೆಂಚೂ ಇದೇ ಜಾತಿಯದು. ಹೆಂಚಿನ ಅಡಿಯಲ್ಲಿರುವ ಉಬ್ಬು ರೀಪಿಗೆ ಸಿಕ್ಕಿಕೊಳ್ಳುತ್ತದೆ, ಒಂದರ ಅಂಚು ಪಕ್ಕದ್ದರ ತೋಡಿನೊಳಗೆ ಕೂರುತ್ತದೆ, ಮೇಲಿನ ಸಾಲು ಕೆಳಗಿನ ಸಾಲಿನ ತಲೆಯನ್ನು ಮುಚ್ಚುತ್ತದೆ. ಹೆಂಚು ಹೊದಿಸುವವರು ಆ ಉಬ್ಬಿಗೆ, ಆ ತೋಡಿಗೆ ಏನೆನ್ನುತ್ತಾರೆ? ಕರಾವಳಿಯವರು, ಮಲೆನಾಡಿನವರು ದಯವಿಟ್ಟು ತಿಳಿಸಿ. ಆ ಪದಗಳು ಸಿಕ್ಕರೆ ನನ್ನ ಅರ್ಧ ಕೆಲಸ ಮುಗಿದಂತೆ.

ಈಗ ‘ಫಾಸ್ಟನರ್’, ಅಂದರೆ ಪ್ಯಾನೆಲನ್ನು ಪಟ್ಟಿಗೆ ಹಿಡಿಸುವ ಸ್ಕ್ರೂ. ಒಬ್ಬರು ‘ಗುಪ್ತಬಂಧಕ’ ಅಂತ ಸೂಚಿಸಿದ್ದಾರೆ. ಏಣಿಯ ಮೇಲೆ ನಿಂತ ಹುಡುಗನಿಗೆ ಇದರಿಂದ ಏನೂ ಗೊತ್ತಾಗುವುದಿಲ್ಲ. ‘ಅಡಗುಮೊಳೆ’ ಕೇಳಲು ಚೆನ್ನಾಗಿದೆ. ಆದರೆ ಮೊಳೆ ಅಂದ ಕೂಡಲೇ ಕೈ ಸುತ್ತಿಗೆಯ ಕಡೆ ಹೋಗುತ್ತದೆ, ಇಲ್ಲಿ ಸುತ್ತಿಗೆಗೆ ಜಾಗವೇ ಇಲ್ಲ. ‘ತಿರುಪುಮೊಳೆ’ ನಿಘಂಟಿನಲ್ಲಿದೆ, ಅಂಗಡಿಯಲ್ಲಿಲ್ಲ. ‘ಬಿಗಿ’ಯಿಂದ ಪದ ಕಟ್ಟೋಣ ಅಂತಲೂ ಯೋಚಿಸಿದೆ. ಅದರಲ್ಲಿ ದೊಡ್ಡ ಅಪಾಯವಿದೆ, ಯಾಕೆಂದರೆ ಒಂದು ಕಡೆ ಬಿಟ್ಟು ಉಳಿದ ಸ್ಕ್ರೂಗಳನ್ನು ಪೂರ್ತಿ ಬಿಗಿಯಲೇಬಾರದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಗೆ ಸುಮಾರು 0.023 ಮಿ.ಮೀ. ಹಿಗ್ಗುತ್ತದೆ. ಗಾಢ ಬಣ್ಣದ ಪ್ಯಾನೆಲ್ ರಾಯಚೂರಿನ ಬಿಸಿಲಿಗೆ 60 ಡಿಗ್ರಿ ದಾಟುತ್ತದೆ. ಬೆಳಗಿನ ಜಾವದಿಂದ ಮಧ್ಯಾಹ್ನಕ್ಕೆ 40 ಡಿಗ್ರಿ ಏರಿದರೆ 4 ಮೀಟರ್ ಉದ್ದದ ಪ್ಯಾನೆಲ್ ಮೂರೂವರೆ ಮಿ.ಮೀ.ಗಿಂತ ಜಾಸ್ತಿ ಬೆಳೆಯುತ್ತದೆ. ಉಕ್ಕಾದರೆ ಸುಮಾರು ಅದರ ಅರ್ಧ. ತೂತು ಉದ್ದವಾಗಿರುವುದು ಇದಕ್ಕೇ. ಸ್ಕ್ರೂ ತೂತಿನ ನಡುವೆ ಇರಬೇಕು, ಪ್ಯಾನೆಲ್ ಅತ್ತಿತ್ತ ಜಾರುವಷ್ಟು ಸಡಿಲ ಬೇಕು. ಗಟ್ಟಿಯಾಗಿ ಹಿಡಿಯುವ ಸ್ಕ್ರೂ ಒಂದೇ ಕಡೆ. ಎಲ್ಲವನ್ನೂ ಡ್ರಿಲ್ ನಿಲ್ಲುವ ತನಕ ಬಿಗಿದರೆ ಹಿಗ್ಗಿದ ತಗಡಿಗೆ ಹೋಗಲು ದಾರಿಯಿಲ್ಲದೆ ಮೈ ಉಬ್ಬಿ ತಗ್ಗಿ ಅಲೆ ಬೀಳುತ್ತದೆ. ಆಮೇಲೆ ಸರಿ ಮಾಡುವುದು ತುಂಬ ಕಷ್ಟ, ಸ್ಕ್ರೂ ಅಷ್ಟರಲ್ಲಿ ಮುಚ್ಚಿಹೋಗಿರುತ್ತದೆ. ನಡುವಿನ ಒಂದೇ ಪ್ಯಾನೆಲ್ ಬಿಚ್ಚಬೇಕಾದರೂ ಇಂಥ ಜೋಡಣೆಯಲ್ಲಿ ಕೊನೆಯ ಸಾಲಿನಿಂದ ಬಿಚ್ಚುತ್ತ ಬರಬೇಕು.

ಆದ್ದರಿಂದ ಪದದಲ್ಲಿ ‘ಮುಚ್ಚಿಹೋಗುತ್ತದೆ’ ಅನ್ನುವ ಎಚ್ಚರಿಕೆ ಇರಲಿ, ‘ಬಿಗಿ’ ಅನ್ನುವ ಆಜ್ಞೆ ಬೇಡ. ನಾನು ‘ಮರೆ ಸ್ಕ್ರೂ’ ಅಂತ ಬಳಸುತ್ತಿದ್ದೇನೆ. ಕಾರ್ಖಾನೆ ಶೆಡ್ಡಿನ ಶೀಟುಗಳಿಗೆ ರಬ್ಬರ್ ವಾಷರ್ ಹಾಕಿ ಮೇಲಿನಿಂದಲೇ ಹೊಡೆಯುತ್ತಾರಲ್ಲ, ಅದು ‘ಮೇಲ್‌ಸ್ಕ್ರೂ’. ಎರಡು ಬಗೆಯೂ ಒಂದೇ ಸಾಲಿನಲ್ಲಿ ಹೇಳಲು ಬರುತ್ತದೆ. ‘ಒಳಸ್ಕ್ರೂ’ ಅಂದರೆ ಕಟ್ಟಡದ ಒಳಗಡೆಯದು ಅಂತಾಗುತ್ತದೆ, ಹಾಗಾಗಿ ಬಿಟ್ಟೆ. ಕನ್ನಡ ಪದಕ್ಕೆ ಇಂಗ್ಲಿಷ್ ಪದ ಅಂಟಿಸಿದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳಬಾರದು, ಕೈಪಂಪು ಬೀದಿಲೈಟುಗಳ ಜೊತೆ ನಾವು ಸುಖವಾಗಿಯೇ ಇದ್ದೇವೆ.

ಅಂಚುಗಳ ಹೆಸರು ಇನ್ನೂ ಮುಖ್ಯ. ಜೋಡಣೆಯ ಎರಡು ಬದಿಗೆ ಕೆಲಸಗಾರರು ‘ಗಂಡು’, ‘ಹೆಣ್ಣು’ ಅನ್ನುವುದುಂಟು. ಯಾವ ಅಂಚಿಗೆ ಸ್ಕ್ರೂ ಅಂತ ಆ ಹೆಸರು ಹೇಳುವುದಿಲ್ಲ. ಬಾಣಲೆಗೆ ಕಿವಿ ಇರುತ್ತದಲ್ಲ, ಹಾಗೆ ಚಾಚಿಕೊಂಡ ಅಂಚಿಗೆ ‘ಕಿವಿ’ ಅಂದೆ. ಅದನ್ನು ಮುಚ್ಚುವ ಮಡಚಿದ ಅಂಚಿಗೆ ‘ಮಡಿಕೆ’. ಕೈಪಿಡಿಯ ಒಂದು ತುಣುಕು ಹೀಗಿದೆ:

“ಮಡಿಕೆಯನ್ನು ಕೆಳಗಿನ ಪ್ಯಾನೆಲ್ಲಿನ ಕಿವಿಗೆ ಸಿಕ್ಕಿಸಿ. ಲೆವೆಲ್ ನೋಡಿ. ಮೇಲಿನ ಕಿವಿಯ ಉದ್ದತೂತಿನ ನಡುವೆ ಸ್ಕ್ರೂ ಹಾಕಿ. ಪ್ಯಾನೆಲ್ ಜಾರುತ್ತದೆಯೇ ಅಂತ ಕೈಯಿಂದ ತಳ್ಳಿ ನೋಡಿ. ಎಲ್ಲ ಸ್ಕ್ರೂ ನೋಡಿದ ಮೇಲೆಯೇ ಮುಂದಿನ ಪ್ಯಾನೆಲ್ ಎತ್ತಿ.”

ಓದಿದರೆ ಚಿತ್ರ ಕಣ್ಣಿಗೆ ಬರುತ್ತದೆಯೇ? ‘ಮಡಿಕೆ’ ಬದಲು ‘ತುಟಿ’ ವಾಸಿಯೇ?

ಇನ್ನೆರಡು ಪದ. ನಾಲ್ಕೂ ಅಂಚು ಮಡಚಿ ಪಟ್ಟಿಗೆ ನೇತುಹಾಕುವ ಪ್ಯಾನೆಲ್ಲಿಗೆ ‘ಕ್ಯಾಸೆಟ್’ ಅನ್ನುತ್ತಾರೆ. ನಮ್ಮಲ್ಲಿ ಕ್ಯಾಸೆಟ್ ಅಂದರೆ ಹಾಡಿನದು, ಆದ್ದರಿಂದ ‘ತಟ್ಟೆ ಪ್ಯಾನೆಲ್’ ಅಂತ ಬರೆದಿದ್ದೇನೆ. ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನೆಲ್) ಶೀಟಿನಲ್ಲಿ ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಇರುವುದಕ್ಕೆ ‘ತಿರುಳು’. ಈ ಪದದ ಮೇಲೆ ನನಗೆ ಜಾಸ್ತಿ ಕಾಳಜಿ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ತರು. ಅಲ್ಲಿದ್ದದ್ದು ಸ್ಕ್ರೂ ಕಾಣದ ತಟ್ಟೆ ಪ್ಯಾನೆಲ್‌ಗಳೇ. ಬೆಂಕಿ ಗೋಡೆಯುದ್ದಕ್ಕೂ ಏರಲು ಮುಖ್ಯ ಕಾರಣ ಅವುಗಳ ಒಳಗೆ ತಿರುಳಾಗಿದ್ದ ಪಾಲಿಥಿಲೀನ್ ಪ್ಲಾಸ್ಟಿಕ್ ಅಂತ ತನಿಖೆ ಹೇಳಿತು. ಹೊರಗಿನಿಂದ ನೋಡಿದರೆ ಉರಿಯುವ ತಿರುಳಿನ ಶೀಟೂ ಬೆಂಕಿ ತಡೆಯುವ ತಿರುಳಿನ ಶೀಟೂ ಒಂದೇ ಥರ. ಶೀಟು ತರುವವನು ಅಂಗಡಿಯಲ್ಲಿ ‘ತಿರುಳು ಯಾವುದು?’ ಅಂತ ಬಾಯಿಬಿಟ್ಟು ಕೇಳುವಂತಾಗಬೇಕು. ‘ಮಧ್ಯಸ್ತರ’ ಅಂತ ಬರೆದರೆ ಯಾರೂ ಕೇಳುವುದಿಲ್ಲ.

ಬಡಗಿ ಕೆಲಸ, ಹೆಂಚಿನ ಕೆಲಸ, ತಗಡಿನ ಕೆಲಸ ಬಲ್ಲವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ ಅವರನ್ನೊಮ್ಮೆ ಕೇಳಿ ಬರೆಯಿರಿ. ಪದದ ಜೊತೆ ಯಾವ ಊರು, ಯಾವ ಕೆಲಸ ಅಂತಲೂ ಇರಲಿ. ತಗಡಿನ ಮೈಯಲ್ಲಿ ಬೀಳುವ ಅಲೆಗೆ ಉತ್ತರ ಕರ್ನಾಟಕದ ಕಡೆ ಬೇರೆ ಮಾತಿದ್ದರೆ ಅದು ಮೊದಲು ಬೇಕು, ಆ ಅಧ್ಯಾಯವನ್ನು ಈಗಲೇ ಬರೆಯುತ್ತಿದ್ದೇನೆ.