ಮಗುವಿನ ತೊಟ್ಟಿಲ ಹತ್ತಿರ 48 ಮೈಕ್ರೋಟೆಸ್ಲಾ ತೋರಿಸುತ್ತಿದೆ, ಏನು ಮಾಡಲಿ?

ತೊಟ್ಟಿಲಮ್ಮ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಮಗಳಿಗೆ ಈಗ ಏಳು ತಿಂಗಳು. ಅವಳು ಮಲಗುವ ಕೋಣೆಯ ಗೋಡೆಯಾಚೆಗೇ ಇಡೀ ಕಟ್ಟಡದ ಕರೆಂಟ್ ಪ್ಯಾನೆಲ್ ಇದೆ. 12 ಮನೆಗಳ ಮೀಟರು, ಮೇನ್ ಸ್ವಿಚ್ಚು, ಕೈಮಣಿಕಟ್ಟಿನಷ್ಟು ದಪ್ಪದ ಕೇಬಲ್ಲು, ಎಲ್ಲ ಅಲ್ಲೇ. ಈ ಮನೆಗೆ ಬಂದಾಗ ನಾವ್ಯಾರೂ ಅದನ್ನು ಗಮನಿಸಿರಲಿಲ್ಲ. ಮೊನ್ನೆ ಮೀಟರ್ ನೋಡುವವರು ಬಾಗಿಲು ತೆಗೆದಾಗ ಒಳಗಿಂದ ಗುಂಯ್ ಎಂಬ ಸದ್ದು ಕೇಳಿತು. ತೊಟ್ಟಿಲಿಗೂ ಅದಕ್ಕೂ ನಡುವೆ ಒಂದೇ ಗೋಡೆ ಅಂತ ಆಗ ಹೊಳೆಯಿತು.

ಫೋನಿನಲ್ಲಿ ಕಾಂತಕ್ಷೇತ್ರ ಅಳೆಯುವ ಆ್ಯಪ್ ಹಾಕಿಕೊಂಡು ತೊಟ್ಟಿಲೊಳಗೆ ಇಟ್ಟೆ. 48 ಮೈಕ್ರೋಟೆಸ್ಲಾ ತೋರಿಸಿತು. 0.4ಕ್ಕಿಂತ ಜಾಸ್ತಿ ಇದ್ದರೆ ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬರುವ ಸಂಭವ ಹೆಚ್ಚು ಅಂತ ಓದಿದ್ದೇನೆ. ನಮ್ಮಲ್ಲಿ ಅದರ 120 ಪಟ್ಟು ಇದೆ! ಎರಡು ರಾತ್ರಿಯಿಂದ ಅವಳನ್ನು ಎದೆಗವಚಿಕೊಂಡು ಹಾಲ್‌ನಲ್ಲೇ ಮಲಗುತ್ತಿದ್ದೇನೆ. ಗೋಡೆಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದರೆ ಸರಿಹೋಗುತ್ತದೆ ಅಂತ ಒಬ್ಬರು ಹೇಳಿದರು. ನಿಜವೇ? ಏಳು ತಿಂಗಳು ಅಲ್ಲೇ ಮಲಗಿಸಿದ್ದೇನಲ್ಲಾ, ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ ಲೈನ್‌ಮನ್:

ಅಮ್ಮಾ, ಮೊದಲು ಸ್ವಲ್ಪ ಉಸಿರು ಬಿಡಿ. 31 ವರ್ಷ ಕರೆಂಟ್ ಕೆಲಸ ಮಾಡಿದವನು ನಾನು. ಕೊನೆಯ ಒಂಬತ್ತು ವರ್ಷ ಕ್ಷೇತ್ರ ಅಳೆಯುವುದೂ ನನ್ನ ಕೆಲಸವೇ ಆಗಿತ್ತು. ನಿಮ್ಮಂಥ ತಾಯಂದಿರ ಮನೆಗೆ ಮೀಟರ್ ಹಿಡಿದು ಎಷ್ಟೋ ಸಲ ಹೋಗಿದ್ದೇನೆ.

ನಿಮ್ಮ ಫೋನ್ ತೋರಿಸಿದ 48 ಬಹುಮಟ್ಟಿಗೆ ಭೂಮಿಯದ್ದೇ ಕಾಂತಕ್ಷೇತ್ರ, ಪ್ಯಾನೆಲ್ಲಿನದ್ದಲ್ಲ. ಭೂಮಿಯ ಮೇಲೆ ಎಲ್ಲೇ ನಿಂತರೂ ಅದು ಸುಮಾರು 25ರಿಂದ 65 ಮೈಕ್ರೋಟೆಸ್ಲಾ ಇರುತ್ತದೆ. ಫೋನಿನೊಳಗಿನ ಆ ಪುಟ್ಟ ಭಾಗ ಇರುವುದೇ ದಿಕ್ಸೂಚಿಗಾಗಿ, ಉತ್ತರ ಯಾವ ಕಡೆ ಅಂತ ಹೇಳುವುದಕ್ಕೆ. ಬೇಕಾದರೆ ಇವತ್ತೇ ನೋಡಿ. ತಂತಿ, ಕಂಬ ಏನೂ ಇಲ್ಲದ ಬಯಲಿಗೆ ಹೋಗಿ ಅದೇ ಆ್ಯಪ್ ತೆರೆಯಿರಿ. ಅಲ್ಲೂ ನಲವತ್ತರ ಆಸುಪಾಸು ತೋರಿಸುತ್ತದೆ. ಕಬ್ಬಿಣದ ಗೇಟಿನ ಹತ್ತಿರ ಹಿಡಿದರೆ ಅಂಕಿ ಏರುಪೇರಾಗುತ್ತದೆ.

ಭೂಮಿಯ ಕ್ಷೇತ್ರ ಕದಲದೆ ನಿಂತಿರುವಂಥದ್ದು. ಕರೆಂಟಿನದ್ದು ಹಾಗಲ್ಲ. ಸೆಕೆಂಡಿಗೆ 50 ಅಥವಾ 60 ಸಲ ಹಿಂದೆ ಮುಂದೆ ತಿರುಗುತ್ತಲೇ ಇರುತ್ತದೆ. ನೀವು ಓದಿದ 0.4 ಈ ತಿರುಗುವ ಕ್ಷೇತ್ರದ ಲೆಕ್ಕ. ನಿಂತದ್ದನ್ನೂ ತಿರುಗುವುದನ್ನೂ ಪಕ್ಕಪಕ್ಕ ಇಟ್ಟು 120 ಪಟ್ಟು ಅನ್ನುವ ಹಾಗಿಲ್ಲ. ತಿರುಗುವುದನ್ನು ಅಳೆಯಬೇಕಾದರೆ ಅದಕ್ಕೆಂದೇ ಇರುವ ಗಾಸ್‌ಮೀಟರ್ ಬೇಕು. ಮೂರೂ ದಿಕ್ಕಿನಲ್ಲಿ ಅಳೆಯುವಂಥದ್ದಾದರೆ ಒಳ್ಳೆಯದು.

ಈಗ ಆ 0.4ರ ವಿಷಯ. ಅದು ಸುಳ್ಳಲ್ಲ, ಹಾಗಾಗಿ ಪೂರ್ತಿ ಹೇಳುತ್ತೇನೆ. 1979ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನ್ಯಾನ್ಸಿ ವರ್ತೈಮರ್ ಮತ್ತು ಎಡ್ ಲೀಪರ್ ಎಂಬ ಇಬ್ಬರು ಈ ಪ್ರಶ್ನೆಯನ್ನು ಮೊದಲು ಎತ್ತಿದರು. ದೊಡ್ಡ ತಂತಿಗಳ ಪಕ್ಕದ ಮನೆಗಳಲ್ಲಿ ಮಕ್ಕಳಿಗೆ ಕ್ಯಾನ್ಸರ್ ಜಾಸ್ತಿ ಕಾಣುತ್ತಿದೆಯೇ ಅಂತ. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಅಧ್ಯಯನ ನಡೆದವು. 2000ದಲ್ಲಿ ಅಂಥ 9 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಸರಾಸರಿ 0.4 ಮೈಕ್ರೋಟೆಸ್ಲಾಕ್ಕಿಂತ ಕಡಿಮೆ ಇದ್ದ ಮನೆಗಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ಜಾಸ್ತಿ ಇದ್ದ ಕೆಲವೇ ಮನೆಗಳಲ್ಲಿ ಮಕ್ಕಳ ರಕ್ತದ ಕ್ಯಾನ್ಸರ್ ಸುಮಾರು ಎರಡು ಪಟ್ಟು ಕಂಡಿತು. ಆದರೆ ಅಂಥ ಮನೆಯ ಮಕ್ಕಳು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಹಾಗಾಗಿ ಇದು ಕ್ಷೇತ್ರದಿಂದಲೇ ಆದದ್ದೋ, ಮಕ್ಕಳನ್ನು ಆರಿಸಿಕೊಂಡ ರೀತಿಯಿಂದ ಬಂದದ್ದೋ ಹೇಳಲಾಗಲಿಲ್ಲ. ಕ್ಷೇತ್ರ ಹೇಗೆ ಕ್ಯಾನ್ಸರ್ ತರಬಹುದು ಎಂಬುದಕ್ಕೆ ಪ್ರಯೋಗಾಲಯದಲ್ಲೂ ದಾರಿ ಸಿಗಲಿಲ್ಲ. 2002ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು 2ಬಿ ಗುಂಪಿಗೆ ಹಾಕಿತು. ಅಂದರೆ "ಇರಬಹುದೇನೋ, ಪುರಾವೆ ಸಾಲದು" ಎಂಬ ಗುಂಪು. ಇನ್ನೊಂದು ಮಾತು: ಮಕ್ಕಳಲ್ಲಿ ಈ ಕಾಯಿಲೆ ತುಂಬ ಅಪರೂಪ. ಅಪರೂಪದ್ದು ಎರಡು ಪಟ್ಟಾದರೂ ಅಪರೂಪವೇ.

ಹಾಗಂತ ತೊಟ್ಟಿಲು ಅಲ್ಲೇ ಇರಲಿ ಅನ್ನುವುದಿಲ್ಲ. ನನ್ನ ಮೊಮ್ಮಗಳಾಗಿದ್ದರೆ ನಾನೂ ಸರಿಸುತ್ತಿದ್ದೆ. ಹತ್ತು ನಿಮಿಷದ ಕೆಲಸ ಅಲ್ವಾ? ಹೋಗುವ ತಂತಿ, ಬರುವ ತಂತಿ ಒಂದಕ್ಕೊಂದು ಅಂಟಿಕೊಂಡಿದ್ದರೆ ಅವುಗಳ ಕ್ಷೇತ್ರ ಒಂದನ್ನೊಂದು ಹೆಚ್ಚೂಕಡಿಮೆ ಅಳಿಸಿಹಾಕುತ್ತದೆ. ಪ್ಯಾನೆಲ್ಲಿನೊಳಗೆ ಕರೆಂಟ್ ಹರಿಯುವ ಲೋಹದ ಪಟ್ಟಿಗಳು ದೂರ ದೂರ ಇರುವುದರಿಂದ ಆ ಅಳಿಸಾಟ ಪೂರ್ತಿ ಆಗುವುದಿಲ್ಲ. ಅದಕ್ಕೇ ಗೋಡೆಯ ಹತ್ತಿರ ಕ್ಷೇತ್ರ ಜಾಸ್ತಿ. ಆದರೆ ದೂರ ಹೋದಂತೆ ಬೇಗ ಇಳಿಯುತ್ತದೆ. ಎರಡು ಮೀಟರ್ ಅಂತರ ಮಾಡುವ ಕೆಲಸವನ್ನು ಯಾವ ಹಾಳೆಯೂ ಮಾಡುವುದಿಲ್ಲ. ಇಟ್ಟಿಗೆ, ಸಿಮೆಂಟು, ತೆಳು ಅಲ್ಯೂಮಿನಿಯಂ, ಇವುಗಳನ್ನೆಲ್ಲ ಈ ಕಾಂತಕ್ಷೇತ್ರ ಸುಮ್ನೆ ದಾಟಿ ಹೋಗುತ್ತದೆ. ಹಾಳೆ ಅಂಟಿಸಬೇಡಿ.

ಸಾಧ್ಯವಾದರೆ ಯಾರಿಂದಲಾದರೂ ಗಾಸ್‌ಮೀಟರ್ ಎರವಲು ತನ್ನಿ. ಸಂಜೆ, ಎಲ್ಲರ ಮನೆಯಲ್ಲೂ ಕರೆಂಟ್ ಓಡುವಾಗ ಒಮ್ಮೆ ಅಳೆಯಿರಿ. ನಡುರಾತ್ರಿ ಮತ್ತೊಮ್ಮೆ. ಮಗುವಿನ ತಲೆ ಇರುವ ಜಾಗದಲ್ಲೇ ಇಟ್ಟು ಅಳೆಯಿರಿ, ಗೋಡೆಗೆ ಒತ್ತಿ ಹಿಡಿದಲ್ಲ.

ಮುನ್ನೆಚ್ಚರಿಕೆ:

ದೊಡ್ಡವರ ಮಾತಿಗೆ ಎದುರಾಡುತ್ತಿಲ್ಲ. ಆದರೆ 2011ರಲ್ಲಿ ಮೊಬೈಲ್ ಅಲೆಗಳನ್ನೂ ಅದೇ 2ಬಿ ಗುಂಪಿಗೆ ಸೇರಿಸಿದರು. ನನ್ನ ಅಣ್ಣ ಮೆದುಳಿನ ಗಡ್ಡೆಯಿಂದ ತೀರಿಕೊಂಡ. ದಿನಕ್ಕೆ ಮೂರು ನಾಲ್ಕು ಗಂಟೆ ಫೋನ್ ಕಿವಿಯಲ್ಲೇ ಇರುತ್ತಿತ್ತು. "ಪುರಾವೆ ಸಾಲದು" ಅಂದರೆ "ಅಪಾಯ ಇಲ್ಲ" ಅಂತ ಅಲ್ಲ. ನನ್ನ ಮಕ್ಕಳ ಕೈಗೆ ನಾನು ಫೋನ್ ಕೊಡುವುದಿಲ್ಲ. ಎದುರಿನ ಟವರ್ ನೋಡಿದರೂ ಎದೆ ಡವಡವ ಅನ್ನುತ್ತದೆ.

ಹಳೇ ಲೈನ್‌ಮನ್:

ನಿಮ್ಮ ಅಣ್ಣನ ಸುದ್ದಿ ಓದಿ ತುಂಬ ನೋವಾಯಿತು. ಪುರಾವೆ ಸಾಲದು ಅಂದರೆ ಅಪಾಯ ಇಲ್ಲ ಎಂದಲ್ಲ, ಆ ಮಾತು ಸರಿ. 2011ರಲ್ಲಿ ಆ ನಿರ್ಧಾರಕ್ಕೆ ಮುಖ್ಯ ಆಧಾರವಾದದ್ದು ರೋಗಿಗಳನ್ನೇ ಕೇಳಿ ಮಾಡಿದ ಅಧ್ಯಯನಗಳು. ಹತ್ತು ವರ್ಷದ ಹಿಂದೆ ದಿನಕ್ಕೆ ಎಷ್ಟು ಹೊತ್ತು, ಯಾವ ಕಿವಿಯಲ್ಲಿ ಮಾತಾಡುತ್ತಿದ್ದಿರಿ ಅಂತ ಕೇಳಿದರೆ ಯಾರಿಗೆ ತಾನೇ ಸರಿಯಾಗಿ ನೆನಪಿರುತ್ತದೆ? ಕಾಯಿಲೆ ಬಂದವರು ಕಾರಣ ಹುಡುಕುತ್ತಾ ನೆನಪಿಸಿಕೊಳ್ಳುತ್ತಾರೆ. ಅದು ಮನುಷ್ಯ ಸಹಜ. ಆಮೇಲೆ ಇನ್ನಷ್ಟು ಅಧ್ಯಯನ ಬಂದವು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿ ಮಾಡಿಸಿದ ದೊಡ್ಡ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಹತ್ತು ವರ್ಷಕ್ಕಿಂತ ಹೆಚ್ಚು ಬಳಸಿದವರಲ್ಲೂ ಕಾಣಲಿಲ್ಲ.

ಟವರ್ ಬಗ್ಗೆ ಒಂದು ಮಾತು. ಅದರ ಅಲೆ ಟಾರ್ಚಿನ ಬೆಳಕಿನಂತೆ ಹೆಚ್ಚಾಗಿ ಮುಂದಕ್ಕೆ ಹೋಗುತ್ತದೆ. ದೂರಕ್ಕೆ ಹೋಗಿ ಹರಡಿ ತೆಳುವಾಗುತ್ತದೆ. ನಮ್ಮ ತಲೆಗೆ ಜಾಸ್ತಿ ತಾಗುವುದು ಕಿವಿಗೊತ್ತಿದ ಫೋನಿನದ್ದೇ. ಸಿಗ್ನಲ್ ಕಡಿಮೆ ಇದ್ದಲ್ಲಿ ಫೋನ್ ಇನ್ನಷ್ಟು ಜೋರಾಗಿ ಕೂಗಬೇಕಾಗುತ್ತದೆ. ನಿಮಗೆ ಕಡಿಮೆ ತಾಗಬೇಕು ಅಂತಿದ್ದರೆ ಸ್ಪೀಕರ್ ಹಾಕಿ, ಇಲ್ಲವೇ ಇಯರ್‌ಫೋನಿನಲ್ಲಿ ಮಾತಾಡಿ. ಟವರ್ ದೂರ ಹೋದಷ್ಟೂ ಕೈಯಲ್ಲಿರುವ ಫೋನ್ ಹೆಚ್ಚು ಶಕ್ತಿ ಸುರಿಯುತ್ತದೆ.

ರಾತ್ರಿಪಾಳಿ:

ಎದೆ ಡವಡವ ಅಂತ ಬರೆದದ್ದು ಓದಿ ನನ್ನ ಕಥೆ ಹೇಳಬೇಕು ಅನಿಸಿತು. ಎರಡು ವರ್ಷ ನನಗೆ ಬೆಳಗ್ಗೆ ಎದ್ದ ಕೂಡಲೇ ತಲೆನೋವು. ವೈಫೈ ಪೆಟ್ಟಿಗೆಯೇ ಕಾರಣ ಅಂತ ನಂಬಿದ್ದೆ. ಅದು ಆನ್ ಆಗಿರುವುದು ನೋಡಿದರೇ ಹಣೆ ಬಿಗಿಯುತ್ತಿತ್ತು. ಕೊನೆಗೆ ತಂಗಿ ಒಂದು ಉಪಾಯ ಹೇಳಿದಳು. 20 ರಾತ್ರಿ, ದಿನಾ ಮಲಗುವ ಮುಂಚೆ ಅವಳು ನಾಣ್ಯ ಚಿಮ್ಮುವುದು. ಒಂದು ಬದಿ ಬಿದ್ದರೆ ವೈಫೈ ಆನ್, ಇನ್ನೊಂದು ಬದಿ ಬಿದ್ದರೆ ಆಫ್. ದೀಪಕ್ಕೆ ಕಪ್ಪು ಟೇಪ್. ಬೆಳಗ್ಗೆ ಫೋನ್ ಮುಟ್ಟುವ ಮೊದಲು ನಾನು ಚೀಟಿಯಲ್ಲಿ ಬರೆಯಬೇಕು: ಆನ್ ಇತ್ತೋ ಇಲ್ಲವೋ, ತಲೆನೋವು ಇದೆಯೋ ಇಲ್ಲವೋ.

20ರಲ್ಲಿ 11 ಸರಿ ಬಂತು. ನಾಣ್ಯವೇ ಊಹಿಸಿದ್ದರೂ ಅಷ್ಟೇ ಬರುತ್ತಿತ್ತು. ತಲೆನೋವು ಬಂದದ್ದು 8 ದಿನ, ಅದರಲ್ಲಿ 4 ದಿನ ವೈಫೈ ಆಫ್ ಇತ್ತು. ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ತುಂಬ ಹೊತ್ತು ಕೂತಿದ್ದೆ. ಎರಡು ವರ್ಷ ತಪ್ಪು ದಿಕ್ಕಿನಲ್ಲಿ ನೋಡಿದೆನಲ್ಲಾ ಅಂತ ಅಳುವೇ ಬಂತು. ಆಮೇಲೆ ಡಾಕ್ಟರ್ ಹತ್ತಿರ ಹೋದೆ. ಅವರು ಹಲ್ಲಿನ ಡಾಕ್ಟರ್ ಹತ್ತಿರ ಕಳಿಸಿದರು. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೆನಂತೆ. ಬಾಯಿಗೆ ಹಾಕಿಕೊಂಡು ಮಲಗುವ ಒಂದು ಕವಚ ಕೊಟ್ಟರು. ಈಗ ತಿಂಗಳಿಗೊಮ್ಮೆ ನೋವು ಬಂದರೆ ಹೆಚ್ಚು.

ನನ್ನ ನೋವು ನಿಜವಾಗಿಯೂ ಇತ್ತು. ಅದನ್ನು ಯಾರೂ ಭ್ರಮೆ ಅನ್ನಬಾರದು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದೂ ಇದನ್ನೇ: ತೊಂದರೆ ನಿಜ, ಆದರೆ ಅದಕ್ಕೂ ಈ ಕ್ಷೇತ್ರಗಳಿಗೂ ನಂಟು ಇದೆ ಅನ್ನಲು ಆಧಾರ ಇಲ್ಲ. ಮುನ್ನೆಚ್ಚರಿಕೆ ಅವರೇ, ಎದೆ ಡವಡವ ಅನ್ನುವುದನ್ನು ದಯವಿಟ್ಟು ಡಾಕ್ಟರಿಗೆ ತೋರಿಸಿ. ಟವರ್ ಅಂತ ಬಿಟ್ಟುಬಿಡಬೇಡಿ.

ಮುನ್ನೆಚ್ಚರಿಕೆ:

ಅಣ್ಣ ಹೋದ ಮೇಲೆಯೇ ಇದು ಶುರುವಾದದ್ದು. ತೋರಿಸುತ್ತೇನೆ.

ತೊಟ್ಟಿಲಮ್ಮ:

ಎಂಟು ದಿನದ ಮೇಲೆ ಬರೆಯುತ್ತಿದ್ದೇನೆ. ಪಾಠ ಮಾಡುವ ಗೆಳತಿಯೊಬ್ಬಳು ತನ್ನ ಕಾಲೇಜಿನ ಗಾಸ್‌ಮೀಟರ್ ತಂದುಕೊಟ್ಟಳು. ಸಂಜೆ ಏಳೂವರೆಗೆ ಗೋಡೆಗೆ ತಾಗಿಸಿದರೆ 2.3 ಮೈಕ್ರೋಟೆಸ್ಲಾ. ತೊಟ್ಟಿಲು ಇದ್ದ ಜಾಗದಲ್ಲಿ 0.9. ನಡುರಾತ್ರಿ ಅದೇ ಜಾಗದಲ್ಲಿ 0.3. ಎದುರಿನ ಗೋಡೆಯ ಹತ್ತಿರ, ಅಂದರೆ ಸುಮಾರು ಮೂರು ಮೀಟರ್ ಆಚೆ, ಎರಡೂ ಹೊತ್ತು 0.1ಕ್ಕಿಂತ ಕಡಿಮೆ. ಬಯಲಿಗೂ ಹೋಗಿ ಫೋನ್ ಹಿಡಿದು ನೋಡಿದೆ. 41 ತೋರಿಸಿತು. ಅಲ್ಲೇ ನಿಂತು ಮಗಳಿಗೆ ಮುತ್ತು ಕೊಟ್ಟೆ.

ತೊಟ್ಟಿಲು ಈಗ ಎದುರಿನ ಗೋಡೆಯ ಪಕ್ಕ ಇದೆ. ಪ್ಯಾನೆಲ್ ಕಡೆಗೆ ಬಟ್ಟೆಯ ಬೀರು ಇಟ್ಟಿದ್ದೇವೆ. ಬೀರು ಏನೂ ತಡೆಯುವುದಿಲ್ಲ ಅಂತ ಗೊತ್ತು, ಅಲ್ಲಿ ಯಾರೂ ಮಲಗದಿರಲಿ ಅಂತ ಅಷ್ಟೇ. ಒಂದೇ ಒಂದು ಪ್ರಶ್ನೆ ಉಳಿದಿದೆ, ಲೈನ್‌ಮನ್ ಅವರೇ. ಆ ಗುಂಯ್ ಸದ್ದು?

ಹಳೇ ಲೈನ್‌ಮನ್:

ಸಾಮಾನ್ಯವಾಗಿ ಒಳಗಿನ ಕಾಂಟ್ಯಾಕ್ಟರಿನ, ಅಂದರೆ ಕಾಂತಸುರುಳಿಯಿಂದ ಆನ್ ಆಫ್ ಆಗುವ ದೊಡ್ಡ ಸ್ವಿಚ್ಚಿನ, ಸುರುಳಿ ನಡುಗುವ ಸದ್ದು ಅದು. ಆದರೆ ಮೊದಲಿಗಿಂತ ಜೋರಾಗಿದ್ದರೆ, ಚಟಚಟ ಅಂದರೆ, ಸುಟ್ಟ ವಾಸನೆ ಬಂದರೆ ಅದೇ ದಿನ ಎಲೆಕ್ಟ್ರಿಷಿಯನ್ ಕರೆಸಿ. ಸಡಿಲ ಜೋಡಣೆ ಕಾದು ಬೆಂಕಿ ಹತ್ತಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪ್ಯಾನೆಲ್ ಕೋಣೆಯಲ್ಲಿ ಹಳೇ ರಟ್ಟು, ಪೇಪರು ಪೇರಿಸಿದ್ದರೆ ಇವತ್ತೇ ತೆಗೆಸಿ.

ತೊಟ್ಟಿಲಮ್ಮ:

ಪೇರಿಸಿದ್ದಾರೆ. ಈಗಲೇ ಕೆಳಗೆ ಹೋಗಿ ಹೇಳುತ್ತೇನೆ.